ರಜೆ ಬೇರೆ, ವಿಶ್ರಾಂತಿ ಬೇರೆ: ಪೈಲಟ್‌ಗಳ ಮನೆಬದುಕಿನ ಲೆಕ್ಕ

2025ರ ಡಿಸೆಂಬರ್ ಮೊದಲ ವಾರ ಹುಬ್ಬಳ್ಳಿಯ ಗುಜರಾತ್ ಭವನದಲ್ಲಿ ಒಂದು ಆರತಕ್ಷತೆ ನಡೆಯಿತು. ನೆಂಟರಿಷ್ಟರು ಬಂದಿದ್ದರು, ವೇದಿಕೆ ಸಿಂಗಾರವಾಗಿತ್ತು, ಮದುಮಕ್ಕಳು ಮಾತ್ರ ಇರಲಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಆ ಜೋಡಿ ಇಂಡಿಗೊ ವಿಮಾನ ರದ್ದಾಗಿ ಭುವನೇಶ್ವರದಲ್ಲೇ ಉಳಿದುಬಿಟ್ಟಿತ್ತು. ಕರೆದವರನ್ನು ವಾಪಸ್ ಕಳಿಸಲಾಗುತ್ತದೆಯೇ? ವಧುವಿನ ಅಪ್ಪ ಅಮ್ಮನೇ ಮದುಮಕ್ಕಳ ಕುರ್ಚಿಯಲ್ಲಿ ಕುಳಿತರು. ಹುಡುಗ ಹುಡುಗಿ ಅಲ್ಲಿಂದಲೇ ಅಲಂಕಾರ ಮಾಡಿಕೊಂಡು ದೊಡ್ಡ ಪರದೆಯ ಮೇಲೆ ಕಾಣಿಸಿಕೊಂಡರು. ನೆಂಟರು ಪರದೆಗೇ ಹಾರೈಸಿ ಊಟಕ್ಕೆ ನಡೆದರು.

ಡಿಸೆಂಬರ್ 3ರಿಂದ 5ರವರೆಗಿನ ಮೂರೇ ದಿನದಲ್ಲಿ ಇಂಡಿಗೊದ 2,507 ವಿಮಾನಗಳು ರದ್ದಾದವು, 1,852 ತಡವಾದವು, ಮೂರು ಲಕ್ಷಕ್ಕೂ ಹೆಚ್ಚು ಜನ ಪರದಾಡಿದರು. ಕಾರಣ ಕೇಳಿದವರಿಗೆ ಸಿಕ್ಕಿದ್ದು ಒಂದು ಸಾಲಿನ ಉತ್ತರ: ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಕೊಡಬೇಕೆಂಬ ಹೊಸ ನಿಯಮ ಬಂದಿದೆ, ಅದಕ್ಕೆ ತಕ್ಕಷ್ಟು ಪೈಲಟ್‌ಗಳಿಲ್ಲ. ಉತ್ತರ ಸುಳ್ಳಲ್ಲ. ಆದರೆ ಕೇಳಿದವರ ಮನಸ್ಸಿನಲ್ಲಿ ಉಳಿದ ಚಿತ್ರ ಮಾತ್ರ ಬೇರೆಯೇ ಆಗಿತ್ತು. ಲಕ್ಷಗಟ್ಟಲೆ ಸಂಬಳದವರು ಮನೆಯಲ್ಲಿ ಕಾಲು ಚಾಚಿ ಮಲಗಿದರು, ನಮ್ಮ ಮನೆಯ ಕಾರ್ಯ ಕೆಟ್ಟಿತು!

ನಾನು ಪೈಲಟ್ ಅಲ್ಲ. ಅಗ್ಗದ ಟಿಕೆಟ್ಟಿನ ಆಸೆಗೆ ನಸುಕಿನ ವಿಮಾನ ಹಿಡಿದು, ಹತ್ತಿದ ಕೂಡಲೇ ಬಾಯಿ ತೆರೆದು ಮಲಗುವ ಪ್ರಯಾಣಿಕ. ಹಾಗೆ ಮಲಗಬಲ್ಲೆ, ಏಕೆಂದರೆ ಮುಂದೆ ಕುಳಿತ ಇಬ್ಬರು ಮಲಗುವುದಿಲ್ಲ ಎಂಬ ಭರವಸೆ ಇದೆ. ಆ ಭರವಸೆ ತಯಾರಾಗುವುದು ವಿಮಾನ ನಿಲ್ದಾಣದಲ್ಲಲ್ಲ, ಆ ಇಬ್ಬರ ಮನೆಗಳಲ್ಲಿ, ಹಿಂದಿನ ರಾತ್ರಿ. ‘ಮನೆಯ ವಿಷಯ ಮನೆಯಲ್ಲಿ, ಕೆಲಸದ್ದು ಕೆಲಸದಲ್ಲಿ’ ಎಂದು ಎಲ್ಲ ನೌಕರರಿಗೂ ಹೇಳುವ ಬುದ್ಧಿಮಾತು ಈ ಒಂದು ಕೆಲಸದಲ್ಲಿ ಅರ್ಧ ಮಾತ್ರ ನಡೆಯುತ್ತದೆ. ಆ ಉಳಿದರ್ಧಕ್ಕೆ ಯಾರು ಹೊಣೆ ಎಂಬುದೇ ಡಿಸೆಂಬರಿನ ಗದ್ದಲದ ಒಳಗಿದ್ದ ಜಗಳ.

ಮೊದಲು ನಿಯಮ ಏನೆಂದು ನೋಡೋಣ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪೈಲಟ್‌ಗಳ ಕೆಲಸದ ಅವಧಿಯ ಪರಿಷ್ಕೃತ ನಿಯಮಗಳನ್ನು ಪ್ರಕಟಿಸಿದ್ದು 2024ರ ಜನವರಿಯಲ್ಲಿ. ಅದೇ ವರ್ಷದ ಜೂನ್ 1ರಿಂದ ಜಾರಿಯಾಗಬೇಕಿತ್ತು. ಕಂಪನಿಗಳು ಕಾಲಾವಕಾಶ ಕೇಳಿದವು, ಗಡುವು ಮುಂದೆ ಹೋಯಿತು. ಪೈಲಟ್ ಸಂಘಗಳು ದಿಲ್ಲಿ ಹೈಕೋರ್ಟಿನಲ್ಲಿ ಪಟ್ಟು ಹಿಡಿದ ಮೇಲೆ ಎರಡು ಕಂತಿನಲ್ಲಿ ಜಾರಿಯಾಯಿತು: ಒಂದು ಭಾಗ 2025ರ ಜುಲೈ 1ರಿಂದ, ಉಳಿದದ್ದು ನವೆಂಬರ್ 1ರಿಂದ. ಅಂದರೆ ಸಿದ್ಧವಾಗಲು ಸುಮಾರು ಎರಡು ವರ್ಷ ಸಿಕ್ಕಿತ್ತು. ‘ದಿಢೀರ್ ನಿಯಮ’ ಎಂದು ಯಾರಾದರೂ ಹೇಳಿದರೆ ಈ ದಿನಾಂಕಗಳನ್ನು ನೆನಪಿಸಬಹುದು.

ಬದಲಾವಣೆಗಳಲ್ಲಿ ಮೂರು ಮುಖ್ಯ. ‘ರಾತ್ರಿ’ ಎಂದರೆ ನಡುರಾತ್ರಿ 12ರಿಂದ ಬೆಳಗಿನ 5ರವರೆಗೆ ಎಂದಿದ್ದದ್ದು 6ರವರೆಗೆ ಆಯಿತು. ಆ ಅವಧಿಯನ್ನು ಮುಟ್ಟುವ ಪಾಳಿಯಲ್ಲಿ 6 ಲ್ಯಾಂಡಿಂಗ್‌ವರೆಗೆ ಇದ್ದ ಅವಕಾಶ ಎರಡಕ್ಕಿಳಿಯಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು.

ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾದದ್ದು ಲ್ಯಾಂಡಿಂಗ್ ಮಿತಿ. ನನಗೆ ಕುತೂಹಲ ಹುಟ್ಟಿಸಿದ್ದು ಮೂರನೆಯದು. ಹಳೆಯ 36 ಗಂಟೆಯೊಳಗೂ ಎರಡು ರಾತ್ರಿ ಇರಲೇಬೇಕಿತ್ತು. ಶುಕ್ರವಾರ ರಾತ್ರಿ 8ಕ್ಕೆ ಮನೆಗೆ ಬಂದವರು ಭಾನುವಾರ ಬೆಳಿಗ್ಗೆ 8ಕ್ಕೆ ಮತ್ತೆ ಸಮವಸ್ತ್ರದಲ್ಲಿ ಎಂದಿಟ್ಟುಕೊಳ್ಳಿ. ರಾತ್ರಿ ಎರಡು, ನಡುವೆ ಹಗಲು ಒಂದೇ. ಆ ಒಂದು ಹಗಲಿನಲ್ಲಿ ವಾರದ ನಿದ್ದೆ ತೀರಿಸಬೇಕು, ಬಟ್ಟೆ ಇಸ್ತ್ರಿಯಾಗಬೇಕು, ಅಪ್ಪನನ್ನು ಆಸ್ಪತ್ರೆಗೆ ತೋರಿಸಬೇಕು, ಮಗುವಿನ ಶಾಲೆಗೆ ಹೋಗಿ ಬರಬೇಕು. ಹೊಸ 48 ಗಂಟೆಯಲ್ಲಿ ರಾತ್ರಿಗಳು ಅಷ್ಟೇ. ಹೆಚ್ಚಾದದ್ದು ಹಗಲು. ನಿಯಮದ ಭಾಷೆಯಲ್ಲಿ ಎಲ್ಲೂ ‘ಕುಟುಂಬ’ ಎಂಬ ಮಾತಿಲ್ಲ, ದಣಿವಿನ ಮಾತಷ್ಟೇ ಇದೆ. ಆದರೆ ಕುಟುಂಬದ ಕೆಲಸ ಮುಗಿಸಿಯೂ ನಿದ್ದೆಗೆ ಸಮಯ ಉಳಿಯಲಿ ಎಂಬುದೇ ಆ ಹನ್ನೆರಡು ಗಂಟೆಯ ತಾತ್ಪರ್ಯ.

ಅದರ ಜೊತೆಗೆ ಇನ್ನೊಂದು ಸಾಲಿತ್ತು, ನೋಡಲು ಅಷ್ಟೇನೂ ದೊಡ್ಡದಲ್ಲ. ವಾರದ ವಿಶ್ರಾಂತಿಯ ಬದಲಿಗೆ ಯಾವುದೇ ರಜೆಯನ್ನು ಎಣಿಸುವಂತಿಲ್ಲ. ಇದರ ಅರ್ಥ ಸರಳ. ತಂಗಿಯ ಮದುವೆಗೆಂದು ಪೈಲಟ್ ಎರಡು ದಿನ ರಜೆ ಹಾಕಿದರೆ, ‘ಹೇಗೂ ಎರಡು ದಿನ ಹಾರಲಿಲ್ಲವಲ್ಲ, ಅದೇ ನಿಮ್ಮ ವಾರದ ವಿಶ್ರಾಂತಿ’ ಎಂದು ರೋಸ್ಟರ್, ಅಂದರೆ ಪಾಳಿ ಪಟ್ಟಿ, ಹಾಕುವವರು ಹೇಳುವಂತಿಲ್ಲ. ರಜೆ ಪೈಲಟ್ ಕೇಳಿ ಪಡೆಯುವುದು, ಮದುವೆಗೋ ತಿಥಿಗೋ ಮಗುವಿನ ಜ್ವರಕ್ಕೋ. ವಿಶ್ರಾಂತಿ ವಿಮಾನದ ಸುರಕ್ಷತೆಗಾಗಿ ಕಂಪನಿ ಕೊಡಲೇಬೇಕಾದದ್ದು. ಮದುವೆ ಮನೆಯಲ್ಲಿ ಎರಡು ದಿನ ಓಡಾಡಿದವರು ದಣಿವಾರಿಸಿಕೊಂಡು ಬರುತ್ತಾರೆಂದು ಮದುವೆ ಮಾಡಿ ನೋಡಿದ ಯಾವ ಕನ್ನಡಿಗನೂ ಒಪ್ಪಲಾರ.

ಡಿಸೆಂಬರ್ 5ರಂದು, ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ನಿಂತಾಗ, ಡಿಜಿಸಿಎ ಹಿಂದಕ್ಕೆ ಪಡೆದದ್ದು ಈ ಸಾಲನ್ನೇ.

ಈ ವಿಷಯಕ್ಕೆ ಮತ್ತೆ ಬರುತ್ತೇನೆ. ಅದಕ್ಕೂ ಮೊದಲು, ಪೈಲಟ್‌ಗಳ ಕೆಲಸದ ಗಂಟೆಗಳ ಬಗ್ಗೆ ನಮ್ಮಲ್ಲಿರುವ ಒಂದು ತಪ್ಪು ಲೆಕ್ಕ ಸರಿಮಾಡಬೇಕು. ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರಿಸುವಂತಿಲ್ಲ, 7 ದಿನದಲ್ಲಿ 35 ಗಂಟೆ ಮೀರುವಂತಿಲ್ಲ ಎಂದು ಕೇಳಿದ ಕೂಡಲೇ ಐಟಿ ಕಂಪನಿಯ ಗೆಳೆಯರು ನಗುತ್ತಾರೆ. ‘ವಾರಕ್ಕೆ ಸರಾಸರಿ ಇಪ್ಪತ್ತು ಗಂಟೆಯೂ ಇಲ್ಲ, ಇದೂ ಒಂದು ಕೆಲಸವಾ?’ ಈ ಗಂಟೆಗಳು ಶುರುವಾಗುವುದು ವಿಮಾನ ಜಾಗ ಬಿಟ್ಟು ಕದಲಿದಾಗ, ಮುಗಿಯುವುದು ಮತ್ತೆ ಬಂದು ನಿಂತಾಗ. ಅದಕ್ಕೂ ಸುಮಾರು ಒಂದು ಗಂಟೆ ಮೊದಲು ವರದಿ ಮಾಡಿಕೊಳ್ಳುವುದು, ಹವಾಮಾನದ ಕಾಗದ ಓದುವುದು, ಉಸಿರಿನ ಪರೀಕ್ಷೆ, ಎರಡು ಹಾರಾಟಗಳ ನಡುವೆ ಕಾಯುವುದು, ದಿಲ್ಲಿಯ ಮಂಜಿನಲ್ಲಿ ಬಾಗಿಲು ತೆರೆದಿಟ್ಟುಕೊಂಡು ಕೂರುವುದು, ಬೇರೆ ಊರಿನಿಂದ ವಿಮಾನ ಹಾರಿಸಲು ಪ್ರಯಾಣಿಕರಂತೆ ಕುಳಿತು ಆ ಊರಿಗೆ ಹೋಗುವುದು, ಹೋಟೆಲಿನಲ್ಲಿ ಒಂದು ರಾತ್ರಿ, ಫೋನ್ ಪಕ್ಕದಲ್ಲಿಟ್ಟುಕೊಂಡು ಸ್ಟ್ಯಾಂಡ್‌ಬೈ. ಇದ್ಯಾವುದೂ ಆ ಸಾವಿರದೊಳಗಿಲ್ಲ. ಕೆಲಸದ ಅವಧಿಗೆ ಬೇರೆ ಮಿತಿಗಳಿವೆ, ನಿಜ. ಆದರೆ ಮನೆಯವರ ಲೆಕ್ಕ ಇನ್ನೂ ಬೇರೆ. ಅವರು ಎಣಿಸುವುದು ಮಂಚದ ಆ ಬದಿ ಖಾಲಿಯಿದ್ದ ರಾತ್ರಿಗಳನ್ನು.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಬನಶಂಕರಿಯಲ್ಲಿ ಮನೆ, ಬೇಸ್, ಅಂದರೆ ಕೆಲಸ ಶುರುವಾಗುವ ಊರು, ಬೆಂಗಳೂರೇ. ಬೆಳಿಗ್ಗೆ 5.30ಕ್ಕೆ ವಿಮಾನ. ನಿಲ್ದಾಣದಲ್ಲಿ 4.30ಕ್ಕೆ ಇರಬೇಕು. ದೇವನಹಳ್ಳಿಯ ದಾರಿ ಆ ಹೊತ್ತಿನಲ್ಲಿ ಖಾಲಿಯಿದ್ದರೂ ನಲವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ, ಕ್ಯಾಬ್ ಮನೆ ಮುಂದೆ ಬರುವುದು 3ಕ್ಕೆ. ಏಳುವುದು 2ಕ್ಕೆ. ಎಂಟು ಗಂಟೆ ನಿದ್ದೆ ಬೇಕೆಂದರೆ ಹಿಂದಿನ ಸಂಜೆ 6ಕ್ಕೆ ಮಲಗಬೇಕು. ಸಂಜೆ 6 ಅಂದರೆ ಮಕ್ಕಳು ಆಟ ಮುಗಿಸಿ ಮನೆಗೆ ಬರುವ ಹೊತ್ತು, ಕುಕ್ಕರ್ ಕೂಗುವ ಹೊತ್ತು, ದೇವರ ದೀಪ ಹಚ್ಚುವ ಹೊತ್ತು, ಪಕ್ಕದ ಮನೆಯವರು ಹರಟೆಗೆ ಬರುವ ಹೊತ್ತು. ಮನೆಯೆಲ್ಲ ಎಚ್ಚರವಾಗುವ ಹೊತ್ತಿಗೆ ಒಬ್ಬರು ಕಿಟಕಿಗೆ ಕಪ್ಪು ಪರದೆ ಎಳೆದು ಮಲಗಬೇಕು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯಿದೆ. ಇಲ್ಲಿ ಸಂತೆಯೂ ಇದೆ, ಸಾಲದ ಚಿಂತೆಯೂ ಇದೆ. ಪೈಲಟ್ ಲೈಸನ್ಸ್ ಮತ್ತು ಒಂದು ಬಗೆಯ ವಿಮಾನದ ತರಬೇತಿ ಸೇರಿದರೆ ಖರ್ಚು ಅರ್ಧ ಕೋಟಿ ದಾಟುತ್ತದೆ, ಹೆಚ್ಚಿನ ಮನೆಗಳಲ್ಲಿ ಅದು ಸಾಲದ ಹಣ. ಮರುದಿನ ಸಂಜೆಯ ಪಾಳಿ, ಅದರ ಮರುದಿನ ನಡುರಾತ್ರಿಯದು ಎಂದು ರೋಸ್ಟರ್ ಹೊರಳಿದರೆ ದೇಹಕ್ಕೆ ಯಾವುದು ಹಗಲು ಯಾವುದು ಇರುಳು ಎಂಬುದೇ ಮರೆತುಹೋಗುತ್ತದೆ.

ಮನೆಯ ದಣಿವು ಕಾಕ್‌ಪಿಟ್ಟಿಗೆ ಬಂದು ಕುಳಿತ ಒಂದು ಪ್ರಕರಣ ಇಂಡೊನೇಷ್ಯಾದ ತನಿಖಾ ವರದಿಯಲ್ಲಿ ದಾಖಲಾಗಿದೆ. 2024ರ ಜನವರಿ 25, ಬಾಟಿಕ್ ಏರ್‌ನ ಏರ್‌ಬಸ್ ಎ320, ಕೆಂಡಾರಿಯಿಂದ ಜಕಾರ್ತಾಕ್ಕೆ ಹೊರಟಿತ್ತು, ಒಳಗೆ 153 ಪ್ರಯಾಣಿಕರು. ಕ್ಯಾಪ್ಟನ್ ಸ್ವಲ್ಪ ಹೊತ್ತು ಮಲಗುತ್ತೇನೆಂದು ಹೇಳಿ ಮಲಗಿದರು. ವಿಮಾನ ನೋಡಿಕೊಳ್ಳಬೇಕಿದ್ದ ಫಸ್ಟ್ ಆಫೀಸರ್‌ಗೂ, ಅಂದರೆ ಸಹಪೈಲಟ್‌ಗೂ, ತಿಳಿಯದಂತೆ ಜೋಂಪು ಹತ್ತಿತು. ನಿಯಂತ್ರಣ ಕೇಂದ್ರದವರು ಕರೆದರೂ ಉತ್ತರವಿಲ್ಲ. ಸುಮಾರು 28 ನಿಮಿಷದ ನಂತರ ಕ್ಯಾಪ್ಟನ್‌ಗೆ ಎಚ್ಚರವಾದಾಗ ವಿಮಾನ ದಾರಿ ತಪ್ಪಿತ್ತು. ಯಾರಿಗೂ ಏನೂ ಆಗಲಿಲ್ಲ. ಆ ಫಸ್ಟ್ ಆಫೀಸರ್ ಮನೆಯಲ್ಲಿ ಒಂದು ತಿಂಗಳ ಅವಳಿ ಮಕ್ಕಳಿದ್ದವು. ರಾತ್ರಿಯೆಲ್ಲ ಹೆಂಡತಿಯ ಜೊತೆ ಎದ್ದು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಸಾಲದ್ದಕ್ಕೆ ಹಿಂದಿನ ದಿನವೇ ಮನೆ ಬದಲಿಸಿದ್ದರು.

ಈತನನ್ನು ಬೈಯಬೇಕೆ? ಕೂಸುಗಳು ಅಳುವಾಗ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿ ಮಲಗಿದ್ದರೆ ಅವನು ಒಳ್ಳೆಯ ಪೈಲಟ್ ಆಗುತ್ತಿದ್ದ, ಒಳ್ಳೆಯ ಅಪ್ಪ ಆಗುತ್ತಿರಲಿಲ್ಲ. ‘ನನಗೆ ನಿದ್ದೆಯಾಗಿಲ್ಲ, ಇವತ್ತು ಹಾರಿಸಲಾರೆ’ ಎಂದು ಹೇಳುವ ದಾರಿ ನಿಯಮದಲ್ಲಿ ಎಲ್ಲೆಡೆ ಇರುತ್ತದೆ. ಆ ಮಾತು ಹೇಳಿದವರ ಹೆಸರು ಯಾರ ಟೇಬಲ್ಲಿಗೆ ಹೋಗುತ್ತದೆ, ಮುಂದಿನ ತಿಂಗಳ ರೋಸ್ಟರ್ ಹೇಗಿರುತ್ತದೆ ಎಂಬುದನ್ನು ನಿಯಮ ಹೇಳುವುದಿಲ್ಲ. ಭಾರತದ ಹೊಸ ನಿಯಮ ಮೂರು ತಿಂಗಳಿಗೊಮ್ಮೆ ದಣಿವಿನ ವರದಿಗಳನ್ನು ಡಿಜಿಸಿಎಗೆ ಸಲ್ಲಿಸಬೇಕೆಂದು ಕಂಪನಿಗಳಿಗೆ ಹೇಳಿದೆ. ಒಳ್ಳೆಯದೇ. ಆದರೆ ಬರೆದುಕೊಟ್ಟವರಿಗೆ ಏನೂ ಆಗಲಿಲ್ಲ ಎಂಬುದು ಸಹೋದ್ಯೋಗಿಗಳ ಕಣ್ಣಿಗೆ ಕಾಣುವತನಕ ಕಾಗದ ಖಾಲಿಯೇ ಇರುತ್ತದೆ.

ಕರಾವಳಿಯವರಿಗೆ ಇಂಡೊನೇಷ್ಯಾದ ಉದಾಹರಣೆ ಬೇಕಿಲ್ಲ. 2010ರ ಮೇ 22ರ ಬೆಳಿಗ್ಗೆ 6 ಗಂಟೆ ಸುಮಾರಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ ಬದುಕಿದವರು 8. ತನಿಖೆ ನಡೆಸಿದ ಸಮಿತಿ ಕಾಕ್‌ಪಿಟ್ಟಿನ ಧ್ವನಿಮುದ್ರಣ ಕೇಳಿತು. ಸಿಕ್ಕಿದ್ದು 2 ಗಂಟೆ 5 ನಿಮಿಷದ ಮುದ್ರಣ. ಅದರ ಮೊದಲ 1 ಗಂಟೆ 40 ನಿಮಿಷ ಇಬ್ಬರ ನಡುವೆ ಮಾತೇ ಇಲ್ಲ, ಕ್ಯಾಪ್ಟನ್ ಗೊರಕೆ ಹೊಡೆಯುವ ಸದ್ದಿದೆ. ಇಳಿಯುವ ಹೊತ್ತಿಗೆ ಅವರು ಎದ್ದಿದ್ದರು. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಮತ್ತೆ ಮೇಲೆತ್ತಿ ಎಂದು ಸಹಪೈಲಟ್ ಮೂರು ಸಲ ಹೇಳಿದರು. ವಿಮಾನದ ಎಚ್ಚರಿಕೆಯ ದನಿಯೂ ಕೂಗಿತು. ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಇದ್ದದ್ದು 8,033 ಅಡಿ.

ಗಟ್ಟಿ ನಿದ್ದೆಯಿಂದ ಎದ್ದ ಮೇಲಿನ ಮಂಪರಿನಲ್ಲಿ ಕ್ಯಾಪ್ಟನ್‌ನ ತೀರ್ಮಾನ ಕೆಟ್ಟಿತ್ತು ಎಂದು ವರದಿ ಹೇಳಿತು. ಆ ಹೊತ್ತನ್ನೂ ಗುರುತಿಸಿತು. ನಸುಕಿನ 2ರಿಂದ 6ರ ತನಕ ದೇಹದ ಗಡಿಯಾರ ತೀರಾ ಕೆಳಗಿಳಿದಿರುತ್ತದೆ, ಮನುಷ್ಯ ಎಷ್ಟೇ ಗಟ್ಟಿಗನಾದರೂ ಅದು ಕೇಳುವುದಿಲ್ಲ. ಶಿರಾಡಿ ಘಾಟಿಯಲ್ಲಿ ರಾತ್ರಿ ಬಸ್ ಓಡಿಸುವ ಚಾಲಕರನ್ನು ಕೇಳಿದರೆ ಇದನ್ನೇ ಹೇಳುತ್ತಾರೆ, ಕೋಳಿ ಕೂಗುವ ಮುಂಚಿನ ಹೊತ್ತೇ ಕಷ್ಟ. ‘ರಾತ್ರಿ’ಯನ್ನು 5ರಿಂದ 6ಕ್ಕೆ ಎಳೆದ ಹೊಸ ನಿಯಮ ನನಗೆ ಮಂಗಳೂರನ್ನು ನೆನಪಿಸಿದ್ದು ಅದಕ್ಕೇ. ಹಳೆಯ ಲೆಕ್ಕದಲ್ಲಿ ಆ ಒಂದು ಗಂಟೆ ‘ಹಗಲು’ ಆಗಿತ್ತು.

ಇನ್ನೊಂದು ತೊಡಕು, ಬೇಸ್ ಒಂದು ಊರು, ಮನೆ ಇನ್ನೊಂದು ಊರು. ಅಮೆರಿಕದಲ್ಲಿ ಈ ಪ್ರಶ್ನೆ ಎದ್ದದ್ದು 2009ರ ಫೆಬ್ರವರಿ 12ರ ಬಫಲೋ ಅಪಘಾತದಲ್ಲಿ. ಕೋಲ್ಗನ್ ಏರ್ ಸಂಸ್ಥೆಯ ವಿಮಾನ ಮನೆಯೊಂದರ ಮೇಲೆ ಬಿದ್ದು 50 ಜನ ಸತ್ತರು. ಫಸ್ಟ್ ಆಫೀಸರ್ ಆಗಿದ್ದ ಯುವತಿಯ ಬೇಸ್ ನೆವಾರ್ಕ್, ವಾಸ ದೇಶದ ಇನ್ನೊಂದು ತುದಿಯ ಸಿಯಾಟಲ್ ಬಳಿ. ಹಿಂದಿನ ರಾತ್ರಿಯೆಲ್ಲ ಸರಕು ವಿಮಾನಗಳಲ್ಲಿ ಮೆಂಫಿಸ್ ಮೂಲಕ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರು. ಕ್ಯಾಪ್ಟನ್ ಸಿಬ್ಬಂದಿ ಕೋಣೆಯಲ್ಲಿ ರಾತ್ರಿ ಕಳೆದಿದ್ದರು. ವಿಮಾನ ಬಿದ್ದದ್ದಕ್ಕೆ ನೇರ ಕಾರಣ ಕ್ಯಾಪ್ಟನ್ ನಿಯಂತ್ರಣವನ್ನು ತಪ್ಪು ದಿಕ್ಕಿಗೆ ಎಳೆದದ್ದು. ದಣಿವಿನ ಪಾಲೆಷ್ಟು ಎಂದು ತೂಗಲಾಗದು ಎಂದ ತನಿಖಾ ಮಂಡಳಿ, ದಣಿವು ಇದ್ದಿತ್ತು ಎಂಬುದನ್ನು ಮಾತ್ರ ಮುಚ್ಚಿಡಲಿಲ್ಲ. ಸತ್ತವರ ಕುಟುಂಬಗಳು ವರ್ಷಗಟ್ಟಲೆ ಹೋರಾಡಿದ ಮೇಲೆ, 2014ರ ಜನವರಿಯಿಂದ ಅಲ್ಲಿ ಪ್ರತಿ ಪಾಳಿಗೂ ಮೊದಲು 10 ಗಂಟೆ ವಿಶ್ರಾಂತಿ, ಅದರೊಳಗೆ 8 ಗಂಟೆ ನಿದ್ದೆಗೆ ಅವಕಾಶ ಕಡ್ಡಾಯವಾಯಿತು. ಸಣ್ಣ ಸಂಬಳದ ಹುಡುಗಿ ಬೇಸ್ ಊರಿನಲ್ಲಿ ಬಾಡಿಗೆ ಮನೆ ಏಕೆ ಹಿಡಿಯಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಆ ಸಂಬಳದಲ್ಲೇ ಇತ್ತು.

ಇಷ್ಟು ಹೊತ್ತು ಮನೆ ಕಾಕ್‌ಪಿಟ್ಟಿಗೆ ಬರುವ ಮಾತಾಯಿತು. ಕಾಕ್‌ಪಿಟ್ ಮನೆಗೆ ಬರುವುದೂ ಕಡಿಮೆಯೇನಲ್ಲ. ಭಾರತದಲ್ಲಿ ಹಾರಾಟಕ್ಕೆ 12 ಗಂಟೆ ಮೊದಲು ಮದ್ಯ ಮುಟ್ಟುವಂತಿಲ್ಲ, ಉಸಿರಿನ ಪರೀಕ್ಷೆಯಲ್ಲಿ ಸೊನ್ನೆಯೇ ಬರಬೇಕು. ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳು ಲೈಸನ್ಸ್ ಅಮಾನತು, ಎರಡನೆಯ ಸಲ ಮೂರು ವರ್ಷ. ಇದರಲ್ಲಿ ತಕರಾರಿಲ್ಲ. 2023ರಿಂದ ಮದ್ಯಸಾರದ ಅಂಶವಿರುವ ಮೌತ್‌ವಾಶ್, ಹಲ್ಲಿನ ಜೆಲ್‌ಗಳನ್ನೂ ಬಳಸುವಂತಿಲ್ಲ. ನೆಗಡಿಯೆಂದು ಮೂಲೆಯ ಮೆಡಿಕಲ್ ಶಾಪಿನಲ್ಲಿ ಸಿಕ್ಕ ಸಿರಪ್ ಕುಡಿಯುವಂತಿಲ್ಲ. ಕನಿಷ್ಠ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ, ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಕೌಶಲದ ಪರೀಕ್ಷೆ. ಇಪ್ಪತ್ತು ವರ್ಷ ಅನುಭವದ ಬ್ಯಾಂಕ್ ಮ್ಯಾನೇಜರನ್ನು ವರ್ಷಕ್ಕೆರಡು ಸಲ ಪರೀಕ್ಷೆಗೆ ಕೂರಿಸಿ, ಫೇಲಾದರೆ ಕೌಂಟರಿಗೆ ಬರಬೇಡಿ ಎಂದರೆ ಹೇಗಿರುತ್ತದೆಂದು ಊಹಿಸಿ. ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ನಮ್ಮ ಬೆಂಗಳೂರಿನ ವಿಮಾನಪುರದಲ್ಲೇ ಇದೆ. ಅದರ ಗೇಟಿನ ಒಳಗೆ ಫೈಲು ಹಿಡಿದು ಕುಳಿತವರಿಗೆ ರಕ್ತದೊತ್ತಡದ ಸಂಖ್ಯೆ ಎಂದರೆ ಮನೆಯ ಕಂತು.

ದೇಹದ ಕಾಯಿಲೆಗೆ ಹೇಗೋ ಔಷಧ, ರಜೆ, ಮರುಪರೀಕ್ಷೆ ಎಂಬ ದಾರಿಯಿದೆ. ಮನಸ್ಸಿನದು ಕಷ್ಟ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಸಹಪೈಲಟ್ ಬೇಕೆಂದೇ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿ 150 ಜನ ಸತ್ತ ಮೇಲೆ ಜಗತ್ತಿನ ಮೊದಲ ಪ್ರತಿಕ್ರಿಯೆ, ಪೈಲಟ್‌ಗಳ ಮನಸ್ಸನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಶೋಧಿಸಬೇಕು ಎಂಬುದಾಗಿತ್ತು. ಶೋಧನೆ ಬಿಗಿಯಾದಷ್ಟೂ ಬಚ್ಚಿಡುವುದು ಹೆಚ್ಚುತ್ತದೆ. 2022ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 3,765 ಪೈಲಟ್‌ಗಳನ್ನು ಕೇಳಲಾಯಿತು. ಮೆಡಿಕಲ್ ಸರ್ಟಿಫಿಕೇಟ್ ಕೈತಪ್ಪುವ ಭಯದಿಂದ ಒಂದಲ್ಲ ಒಂದು ರೀತಿ ವೈದ್ಯರಿಂದ ದೂರ ಉಳಿದಿದ್ದೇವೆ, ಅಥವಾ ವಿಷಯ ಮರೆಮಾಚಿದ್ದೇವೆ ಎಂದವರು ಶೇ 56.1. ಅರ್ಧಕ್ಕಿಂತ ಹೆಚ್ಚು!

2023ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ, ಕರ್ತವ್ಯದಲ್ಲಿರದೆ ಕಾಕ್‌ಪಿಟ್ಟಿನ ಹೆಚ್ಚುವರಿ ಕುರ್ಚಿಯಲ್ಲಿ ಮನೆಗೆ ಹೊರಟಿದ್ದ ಪೈಲಟ್ ಒಬ್ಬ ಹಾರುತ್ತಿದ್ದ ವಿಮಾನದ ಎಂಜಿನ್ ಆರಿಸುವ ಹಿಡಿಗಳಿಗೆ ಕೈ ಹಾಕಿದ. ಸಿಬ್ಬಂದಿ ತಡೆದರು, ವಿಮಾನ ಸುರಕ್ಷಿತವಾಗಿ ಇಳಿಯಿತು. ಆತ ಆಪ್ತ ಗೆಳೆಯನ ಸಾವಿನಿಂದ ವರ್ಷಗಟ್ಟಲೆ ಕುಗ್ಗಿದ್ದ. ಔಷಧಿ ಶುರು ಮಾಡಿದರೆ ಹಾರುವುದು ನಿಲ್ಲುತ್ತದೆಂದು ಚಿಕಿತ್ಸೆಗೆ ಹಿಂಜರಿದಿದ್ದ. ಎರಡು ದಿನ ಮೊದಲು ಗೆಳೆಯರ ಜೊತೆ ಮತ್ತೇರಿಸುವ ಅಣಬೆ ತಿಂದಿದ್ದ. ಅವನ ಕೃತ್ಯವನ್ನು ಸಮರ್ಥಿಸಲಾಗದು. ಆದರೆ ‘ವೈಯಕ್ತಿಕ ದುಃಖವನ್ನು ಕೆಲಸದಿಂದ ದೂರವಿಡು’ ಎಂಬ ಮಾತನ್ನು ಅಕ್ಷರಶಃ ಪಾಲಿಸಿದವನು ಅವನು. ದುಃಖವನ್ನು ಕಂಪನಿಯಿಂದ, ವೈದ್ಯರಿಂದ, ದಾಖಲೆಯಿಂದ ದೂರವೇ ಇಟ್ಟಿದ್ದ.

ನಮ್ಮ ದೇಶದಲ್ಲೂ 2025ರ ಜೂನ್‌ನಲ್ಲಿ ಇದರ ಒಂದು ನೋಟ ಸಿಕ್ಕಿತು. ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು 260 ಜನ ಸತ್ತರು. ನಾಲ್ಕು ದಿನದ ನಂತರ, ಜೂನ್ 16ರಂದು, ಅದೇ ಕಂಪನಿಯ 112 ಪೈಲಟ್‌ಗಳು ಅನಾರೋಗ್ಯವೆಂದು ರಜೆ ಹಾಕಿದರು, 51 ಕ್ಯಾಪ್ಟನ್‌ಗಳು, 61 ಫಸ್ಟ್ ಆಫೀಸರ್‌ಗಳು. ಸಚಿವರೇ ಲೋಕಸಭೆಗೆ ಕೊಟ್ಟ ಸಂಖ್ಯೆ ಇದು. ಜೊತೆಗೆ ಊಟ ಮಾಡಿದವರು, ಪರ ಊರಿನಲ್ಲಿ ಒಂದೇ ಹೋಟೆಲಿನಲ್ಲಿ ತಂಗಿದವರು ಸತ್ತಾಗ ಮೂರು ದಿನ ಮನೆಯಲ್ಲಿ ಕೂರುವುದು ನನಗೆ ರೋಗದ ಲಕ್ಷಣವಾಗಿ ಕಾಣುವುದಿಲ್ಲ. ಆದರೆ ಅರ್ಜಿಯಲ್ಲಿ ‘ದುಃಖವಾಗಿದೆ’ ಎಂದು ಬರೆಯುವ ಧೈರ್ಯ ಎಷ್ಟು ಜನಕ್ಕಿದ್ದೀತು? ಹೊಟ್ಟೆನೋವು, ಜ್ವರ ಎಂದರೆ ಸುರಕ್ಷಿತ. ಮುಂದೆ ಪ್ರಾಥಮಿಕ ವರದಿ ಬಂದಾಗ, ಸತ್ತ ಪೈಲಟ್‌ನ ಸಂಸಾರ, ಮನಸ್ಥಿತಿಗಳ ಬಗ್ಗೆ ಟಿವಿ ಚರ್ಚೆಗಳಲ್ಲಿ ಹರಿದಾಡಿದ ಊಹೆಗಳನ್ನು ನೋಡಿದ ಮೇಲಂತೂ ಯಾವ ಪೈಲಟ್ ಆಪ್ತಸಮಾಲೋಚಕರ ಬಾಗಿಲು ತಟ್ಟಿಯಾರು?

ಡಿಜಿಸಿಎ 2023ರಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಸುತ್ತೋಲೆ ಹೊರಡಿಸಿ, ಸಹೋದ್ಯೋಗಿಗಳೇ ಕಿವಿಗೊಡುವ ನೆರವಿನ ವ್ಯವಸ್ಥೆ ಕಟ್ಟುವಂತೆ ಕಂಪನಿಗಳಿಗೆ ಹೇಳಿದೆ. ಯುರೋಪಿನಲ್ಲಿ ಜರ್ಮನ್‌ವಿಂಗ್ಸ್ ನಂತರ ಅದು ಕಡ್ಡಾಯವಾಗಿದೆ. ಮಾತಾಡಲು ತರಬೇತಿ ಪಡೆದ ಇನ್ನೊಬ್ಬ ಪೈಲಟ್, ಅವರಿಗೆ ಹೇಳಿದ ಮಾತು ರೋಸ್ಟರ್ ವಿಭಾಗಕ್ಕೆ ಹೋಗುವುದಿಲ್ಲ ಎಂಬ ಖಾತ್ರಿ. ಪೈಲಟ್‌ಗಳ ಲೋಕ ಸಣ್ಣದು, ನಾಲ್ಕೈದು ಕಂಪನಿ, ಎಲ್ಲರಿಗೂ ಎಲ್ಲರೂ ಗೊತ್ತು. ಆ ಖಾತ್ರಿ ಒಂದು ಸಲ ಮುರಿದರೂ ಇಡೀ ವ್ಯವಸ್ಥೆ ಮುಗಿದಂತೆ.

ಇಷ್ಟೆಲ್ಲ ಕಷ್ಟವಾದರೆ ಕೆಲಸ ಬದಲಿಸಬಹುದಲ್ಲ ಎನ್ನಬಹುದು. 2017ರಿಂದ ಡಿಜಿಸಿಎ ನಿಯಮದ ಪ್ರಕಾರ ಕ್ಯಾಪ್ಟನ್ ಕೆಲಸ ಬಿಡಬೇಕಾದರೆ 12 ತಿಂಗಳ ನೋಟಿಸ್ ಕೊಡಬೇಕು, ಫಸ್ಟ್ ಆಫೀಸರ್ 6 ತಿಂಗಳ ನೋಟಿಸ್. ಬೆಂಗಳೂರಿನ ಐಟಿಯಲ್ಲಿ ಮೂರು ತಿಂಗಳಿಗೇ ಜನ ಗೊಣಗುತ್ತಾರೆ. 2023ರಲ್ಲಿ 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೊರಟಾಗ ಆಕಾಶ ಏರ್ ಕೋರ್ಟ್ ಮೆಟ್ಟಿಲೇರಿತು. ಕಂಪನಿಗಳ ವಾದದಲ್ಲೂ ಹುರುಳಿದೆ, ಒಬ್ಬ ಕ್ಯಾಪ್ಟನ್ ತಯಾರಾಗಲು ವರ್ಷಗಳು ಬೇಕು. ಆದರೂ ವೃದ್ಧ ತಾಯಿಯನ್ನು ನೋಡಿಕೊಳ್ಳಲು ಬೇರೆ ಊರಿನ ಬೇಸ್ ಬೇಕು, ಈ ಕಂಪನಿಯಲ್ಲಿ ಸಿಗದು ಎನ್ನುವವರು ಒಂದು ವರ್ಷ ಕಾಯಬೇಕು. ಕಾಯಿಲೆಗೆ ನೋಟಿಸ್ ಅವಧಿ ಇರುವುದಿಲ್ಲ.

ಪೈಲಟ್‌ಗಳ ಪರವಾಗಿಯೇ ಎಲ್ಲ ಹೇಳಿದರೆ ಅನ್ಯಾಯವಾದೀತು. ಒಪ್ಪಂದದ ಖಾತ್ರಿ ಗಂಟೆಗಳನ್ನು ಮೀರಿ ಹಾರಿದರೆ ಹೆಚ್ಚು ಹಣ ಸಿಗುವ ಪದ್ಧತಿಯಲ್ಲಿ, ವಿಶ್ರಾಂತಿಯನ್ನು ತಾವೇ ಮಾರಿಕೊಳ್ಳುವವರೂ ಇದ್ದಾರೆ. 48 ಗಂಟೆಯ ಬಿಡುವಿನಲ್ಲಿ ಗೋವಾಕ್ಕೆ ಕಾರು ಓಡಿಸಿಕೊಂಡು ಹೋಗಿ ಬಂದವರನ್ನು ಯಾವ ನಿಯಮವೂ ಮಲಗಿಸಲಾರದು. ಮಲಗಿದ್ದೀರಾ ಎಂದು ಮನೆಗೆ ಬಂದು ನೋಡುವ ಅಧಿಕಾರ ಯಾರಿಗೂ ಇರಬಾರದು ಕೂಡ. ನಿಯಮಕ್ಕೆ ಆಗುವುದು ಒಂದೇ ಕೆಲಸ, ಸಮಯ ಖಾಲಿ ಬಿಟ್ಟುಕೊಡುವುದು. ಹಾಗೆ ಖಾಲಿ ಬಿಟ್ಟ ಸಮಯ ಎಷ್ಟು, ಯಾರ ಖಾತೆಯದು ಎಂಬುದರಲ್ಲಿ ಮೋಸವಿರಬಾರದು. ಅದಕ್ಕೇ ರಜೆಯ ಆ ಸಾಲು ನನಗೆ ಲ್ಯಾಂಡಿಂಗ್ ಮಿತಿಗಿಂತ ದೊಡ್ಡದಾಗಿ ಕಾಣುವುದು.

ಕಂಪನಿಯ ಕಡೆಯ ಲೆಕ್ಕವನ್ನೂ ನೋಡಿ. ಹೊಸ ನಿಯಮಕ್ಕೆ ಇಂಡಿಗೊಗೆ ಬೇಕಿದ್ದ ಕ್ಯಾಪ್ಟನ್‌ಗಳು 2,422, ಇದ್ದವರು 2,357. ಕೊರತೆ 65. ಫಸ್ಟ್ ಆಫೀಸರ್‌ಗಳು ಬೇಕಾದ್ದಕ್ಕಿಂತ ತುಸು ಹೆಚ್ಚೇ ಇದ್ದರು. ನೂರಕ್ಕೆ ಮೂರರಷ್ಟೂ ಇಲ್ಲದ ಕೊರತೆಗೆ ದೇಶದ ಅತಿ ದೊಡ್ಡ ವಿಮಾನ ಕಂಪನಿ ಮುಗ್ಗರಿಸಿತು ಎಂದರೆ, ರೋಸ್ಟರಿನಲ್ಲಿ ಉಸಿರಾಡಲು ಜಾಗವೇ ಇರಲಿಲ್ಲ. ನಂತರದ ತನಿಖೆಯೂ ಕಾರ್ಯಾಚರಣೆಯನ್ನು ಅತಿಯಾಗಿ ಬಿಗಿಮಾಡಿದ್ದೇ ಮುಖ್ಯ ಕಾರಣ ಎಂದಿತು. 2026ರ ಜನವರಿಯಲ್ಲಿ 22.20 ಕೋಟಿ ರೂಪಾಯಿ ದಂಡ ಬಿತ್ತು. ಎಲ್ಲರೂ ಆರೋಗ್ಯವಾಗಿದ್ದು, ಯಾರ ಮನೆಯಲ್ಲೂ ಸಾವು ನೋವು ಮದುವೆ ಮುಂಜಿ ಇಲ್ಲದೆ, ದಿಲ್ಲಿಯಲ್ಲಿ ಮಂಜೂ ಬೀಳದೆ ಇದ್ದರೆ ಮಾತ್ರ ನಡೆಯುವ ವೇಳಾಪಟ್ಟಿ ಅದು. ಆ ವಾರ ಇಡೀ ದೇಶ ಪೈಲಟ್‌ಗಳ ಖಾಸಗಿ ಬದುಕಿನ ಮೇಲೆ ಎಷ್ಟು ತೆಳ್ಳಗೆ ನಿಂತಿದೆ ಎಂಬುದು ಹುಬ್ಬಳ್ಳಿಯ ನೆಂಟರಿಗೂ ಗೊತ್ತಾಯಿತು.

ಡಿಸೆಂಬರ್ 5ರಂದು ಸಿಕ್ಕ ಸಡಿಲಿಕೆಗಳು ಎರಡು ಬಗೆಯವು. ರಾತ್ರಿ ಹಾರಾಟದ ನಿಯಮಗಳಿಂದ ಇಂಡಿಗೊಗೆ ಮಾತ್ರ ವಿನಾಯಿತಿ, ಅದಕ್ಕೆ 2026ರ ಫೆಬ್ರವರಿ 10ರ ಗಡುವಿತ್ತು. ರಜೆಯನ್ನು ವಾರದ ವಿಶ್ರಾಂತಿಯಾಗಿ ಎಣಿಸಬಾರದೆಂಬ ಸಾಲನ್ನು ಕಿತ್ತುಹಾಕಿದ ಆದೇಶ ಎಲ್ಲ ಕಂಪನಿಗಳಿಗೂ ಅನ್ವಯ, ‘ತಕ್ಷಣದಿಂದ ಜಾರಿ’ ಎಂದು ಅದರಲ್ಲಿತ್ತು. ಪೈಲಟ್ ಸಂಘಗಳು ಪ್ರತಿಭಟಿಸಿದವು. ಎಲ್ಲಿಯವರೆಗೆ ಎಂಬ ದಿನಾಂಕ ಆ ಆದೇಶದಲ್ಲಿ ಇರಲಿಲ್ಲ.